ಮೂತ್ರಪಿಂಡ ಮತ್ತು ಮಿರ್ಚಿ: ಒಂದು ತಜ್ಞ ವಿವೇಚನೆ

ಕಿಡ್ನಿ ಕೈಕೊಟ್ಟವರು ಸಂಜೆ ನಾಲ್ಕರ ಹೊತ್ತಿಗೆ ಬಾಯಿಗೆ ಏನು ಹಾಕಿಕೊಳ್ಳಬೇಕು ಎಂಬ ಪ್ರಶ್ನೆಗೆ ಹಾವೇರಿ ಜಿಲ್ಲೆಯಲ್ಲಿ ಎರಡು ಬಗೆಯ ತಜ್ಞರು ಉತ್ತರ ಕೊಡುತ್ತಾರೆ. ಮೊದಲನೆಯ ಬಗೆಯವರು ವರ್ಷಗಟ್ಟಲೆ ಓದಿದವರು. ಅವರಿಗೆ ರಕ್ತದ ರಿಪೋರ್ಟ್ ಬೇಕು. ಕ್ರಿಯಾಟಿನಿನ್ ಎಷ್ಟು, ಪೊಟ್ಯಾಸಿಯಂ ಎಷ್ಟು, ಫಾಸ್ಫರಸ್ ಎಷ್ಟು, ಕಾಲು ಬಾತಿದೆಯೇ, ದಿನಕ್ಕೆ ಮೂತ್ರ ಎಷ್ಟು ಹೋಗುತ್ತದೆ ಎಂದೆಲ್ಲ ತಿಳಿಯದೆ ಬಾಯಿ ಬಿಡುವುದಿಲ್ಲ. ಎರಡನೆಯ ಬಗೆಯವರು ನಾವು. ನಮಗೆ ಇದಾವುದೂ ಬೇಡ. ರೋಗಿಯ ಮನೆಯ ಬಾಗಿಲು ತೆರೆದಿದ್ದರೆ ಸಾಕು.

ನನ್ನ ಅರ್ಹತೆಯ ಬಗ್ಗೆ ಒಂದು ಮಾತು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಕಾಕಾ ಅವರ ಕ್ರಿಯಾಟಿನಿನ್ ಏರತೊಡಗಿದಂದಿನಿಂದ ನಾನು ಈ ಕ್ಷೇತ್ರದಲ್ಲಿದ್ದೇನೆ. ಅವರಿಗೆ ಹಳೆಯ ಸಕ್ಕರೆ ಕಾಯಿಲೆ, ಅದರ ಜೊತೆಗೆ ಬಿಪಿ, ಮೊಣಕಾಲು ನೋವಿಗೆಂದು ಔಷಧ ಅಂಗಡಿಯಲ್ಲಿ ತಾವೇ ಕೇಳಿ ನುಂಗಿದ ಗುಳಿಗೆಗಳು. ಕಿಡ್ನಿ ಕೆಡುವುದಕ್ಕೆ ಮೊದಲೆರಡೇ ದೊಡ್ಡ ಕಾರಣ, ಮೂರನೆಯದು ಅವಕ್ಕೆ ಒಳ್ಳೆಯ ಜೊತೆಗಾರ ಎಂದು ಓದಿದ ತಜ್ಞರು ಹೇಳುತ್ತಾರೆ. ನಮ್ಮ ಪಂಗಡದ ಪ್ರಕಾರ ಯಾರದೋ ದೃಷ್ಟಿ ತಾಗಿದೆ. ಈಗ ಕಾಕಾ ವಾರಕ್ಕೆ ಮೂರು ಸಲ ಹಾವೇರಿಗೆ ಹೋಗಿ, ಸಲಕ್ಕೆ ನಾಲ್ಕು ತಾಸು ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಾರೆ. ಅಂಗಡಿ ಬ್ಯಾಡಗಿಯಲ್ಲಿ, ಮಗಳನ್ನು ಕೊಟ್ಟದ್ದು ರಾಣೆಬೆನ್ನೂರಿಗೆ. ಹೀಗಾಗಿ ಮೂರೂ ಊರಿನ ತಿನಿಸುಗಳ ಪರಿಣಾಮವನ್ನು ಒಂದೇ ದೇಹದಲ್ಲಿ ಪರಿಶೀಲಿಸುವ ಅಪೂರ್ವ ಅವಕಾಶ ವಿಜ್ಞಾನಕ್ಕೆ ಒದಗಿಬಂದಿದೆ.

ಶುರುವಿನಲ್ಲಿ ಕಾಕಾ ಅವರ ಕೈಗೆ ಬಂದ ಪಥ್ಯದ ಪಟ್ಟಿಯನ್ನು ನಾನು ಕೂಲಂಕಷವಾಗಿ ಅಭ್ಯಾಸ ಮಾಡಿದ್ದೇನೆ. ಯಾವುದೋ ಪರದೇಶದ ಹಾಳೆಯ ಝೆರಾಕ್ಸಿನ ಝೆರಾಕ್ಸ್ ಅದು. ತಿನ್ನಬಹುದಾದ ತಿನಿಸು: ಉಪ್ಪಿಲ್ಲದ ಪ್ರೆಟ್ಜೆಲ್, ಕ್ರ್ಯಾನ್‌ಬೆರಿ, ಬ್ಲೂಬೆರಿ, ವೆನಿಲಾ ವೇಫರ್. ತಿನ್ನಬಾರದ್ದು: ಆವಕಾಡೊ, ಪಿಜ್ಜಾ, ಚೀಸ್, ಹಂದಿಮಾಂಸದ ಸಾಸೇಜ್. ಲಿಂಗ ಕಟ್ಟಿಕೊಂಡ ನಮ್ಮ ಕಾಕಾ ಇದನ್ನು ಚಾಚೂ ತಪ್ಪದೆ ಪಾಲಿಸಿದರು. ಸಾಸೇಜನ್ನು ಅಂದೇ ಬಿಟ್ಟರು. ಬ್ಯಾಡಗಿ ಸಂತೆಯಲ್ಲಿ ಆವಕಾಡೊ ಎಲ್ಲಿಯಾದರೂ ಎದುರಾದೀತೆಂದು ಎಚ್ಚರದಿಂದ ಓಡಾಡಿದರು. ಮಿರ್ಚಿ, ಗಿರಮಿಟ್, ಶೇಂಗಾ ಉಂಡಿ, ಸವಣೂರ ಖಾರ, ಹಪ್ಪಳ, ಬಾಳಕ ಮೆಣಸಿನಕಾಯಿ ಇವು ಯಾವುವೂ ನಿಷೇಧದ ಪಟ್ಟಿಯಲ್ಲಿ ಇರಲಿಲ್ಲ. ನಿಷೇಧ ಇಲ್ಲವೆಂದರೆ ಪರವಾನಗಿ ಇದ್ದಂತೆ ಎಂದು ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಕಾಗದಪತ್ರ ನೋಡಿದ ಕಾಕಾ ಅವರಿಗೆ ಬೇರೆಯವರು ಹೇಳಬೇಕಿರಲಿಲ್ಲ.

ಪಟ್ಟಿ ಕೈಬಿಟ್ಟ ಈ ಜಾಗದಲ್ಲೇ ನಮ್ಮ ಶಾಸ್ತ್ರ ಶುರುವಾಗುತ್ತದೆ. ಅದರ ಅಡಿಗಲ್ಲು ಏಕ ಸಿದ್ಧಾಂತ. ಮೂಲಸೂತ್ರ ಹೀಗಿದೆ: "ಒಂದ್ ತಿಂದ್ರ ಏನೂ ಆಗೂದಿಲ್ಲ ತಗೋರಿ." ಈ ಸೂತ್ರವನ್ನು ತಪ್ಪೆಂದು ಸಾಧಿಸುವುದು ಯಾರಿಂದಲೂ ಆಗಿಲ್ಲ, ಯಾಕೆಂದರೆ ಒಂದು ಎಂಬುದನ್ನು ಇಲ್ಲಿ ಮನೆಗೊಂದು ಎಂದು ಎಣಿಸುತ್ತಾರೆ. ಬೀಗರ ಮನೆಯಲ್ಲಿ ಒಂದು, ಬೀಗರ ಅಣ್ಣನ ಮನೆಯಲ್ಲಿ ಒಂದು, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆಯ ಗಿರಾಕಿ ಕೊಡಿಸಿದ್ದು ಒಂದು. ಮೂರೂ ಕಡೆ ಕಾಕಾ ತಿಂದದ್ದು ಒಂದೇ ಒಂದು. ಬೇಡವೆಂದರೆ ಬೀಗರು ಬೇಸರಪಟ್ಟುಕೊಳ್ಳುತ್ತಾರೆ. "ನಮ್ಮನೀ ಮಿರ್ಚಿ ನಿಮಗ ಸೇರೂದಿಲ್ಲೇನ್ರೀ?" ಎಂಬ ಪ್ರಶ್ನೆಗೆ ಪೊಟ್ಯಾಸಿಯಂ ಎಂದು ಉತ್ತರ ಕೊಟ್ಟ ಬೀಗರನ್ನು ನಮ್ಮ ಕಡೆ ಇನ್ನೂ ಯಾರೂ ನೋಡಿಲ್ಲ.

ರಾಣೆಬೆನ್ನೂರಿನ ಸಂಜೆಯ ಗಾಡಿಯಲ್ಲಿ ಈ ಒಂದು ಎಂಬುದು ಹೇಗೆ ತಯಾರಾಗುತ್ತದೆ ಎಂದು ನಾನು ಹತ್ತಿರದಿಂದ ನಿಂತು ನೋಡಿದ್ದೇನೆ. ಉದ್ದನೆಯ ಹಸಿಮೆಣಸಿನಕಾಯಿಯ ಹೊಟ್ಟೆ ಸೀಳಿ, ಅಜವಾನ, ಹುಣಸೆಹುಳಿ, ಉಪ್ಪು ಸೇರಿಸಿ ಅರೆದದ್ದನ್ನು ಬೆರಳಿನಿಂದ ಒಳಗೆ ಸವರುತ್ತಾರೆ. ಕಲಸಿಟ್ಟ ಕಡ್ಲಿಹಿಟ್ಟಿನಲ್ಲಿ ಮತ್ತೆ ಉಪ್ಪು, ಉಬ್ಬಲೆಂದು ಅಡುಗೆ ಸೋಡಾ. ಕರಿದು ತೆಗೆದ ಮೇಲೆ ಕೇಳಿದವರಿಗೆ ಸೀಳಿ, ಈರುಳ್ಳಿ ತುಂಬಿ, ಮೇಲೊಂದು ಚಿಟಿಕೆ ಉಪ್ಪು-ಖಾರ. ಅಂದರೆ ಒಂದು ಮಿರ್ಚಿಯೊಳಗೆ ಉಪ್ಪು ಮೂರು ಬಾಗಿಲಿನಿಂದ ಬರುತ್ತದೆ, ಸೋಡಾದ ಸೋಡಿಯಂ ಹಿತ್ತಲ ಬಾಗಿಲಿನಿಂದ. ಓದಿದ ತಜ್ಞರ ಲೆಕ್ಕದಲ್ಲಿ ಇಡೀ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು. ಒಂದು ಚಹಾ ಚಮಚದಷ್ಟು. ಸೋಡಿಯಂ ಅಂತ ಹಿಡಿದರೆ 2 ಗ್ರಾಂ. ರೊಟ್ಟಿ, ಪಲ್ಯ, ಸಾರು, ಚಟ್ನಿ ಎಲ್ಲವೂ ಅದರೊಳಗೇ ಮುಗಿಯಬೇಕು. ನಮ್ಮ ಪಂಗಡ ಈ ಲೆಕ್ಕವನ್ನು ಒಪ್ಪುತ್ತದೆ. ಕಾಕಾ ಮನೆಯಲ್ಲಿ 5 ಗ್ರಾಂ ಮೀರುವುದೇ ಇಲ್ಲ. ಮನೆಯ ಹೊರಗೆ ತಿಂದದ್ದು ಮನೆಯ ಲೆಕ್ಕಕ್ಕೆ ಹೇಗೆ ಬರುತ್ತದೆ?

ಮಂಡಕ್ಕಿಯ ಪ್ರಕರಣ ಇನ್ನೂ ಸೂಕ್ಷ್ಮವಾದದ್ದು. ಎರಡೂ ಬಗೆಯ ತಜ್ಞರು ಇಲ್ಲಿ ಕೈ ಕುಲುಕುವ ಹಂತಕ್ಕೆ ಬರುತ್ತಾರೆ. ಅಕ್ಕಿಯಲ್ಲಿ ಪೊಟ್ಯಾಸಿಯಂ ಕಡಿಮೆ, ಫಾಸ್ಫರಸ್ ಕಡಿಮೆ. ಅದನ್ನು ಹುರಿದು ಉಬ್ಬಿಸಿದ ಮಂಡಕ್ಕಿ ಕಿಡ್ನಿ ರೋಗಿಗೆ ಸಂಜೆಯ ಹೊತ್ತಿಗೆ ತಕ್ಕಮಟ್ಟಿಗೆ ಒಳ್ಳೆಯ ತಿನಿಸೇ. ಒಂದು ತಕರಾರು ಇದೆ: ಭಟ್ಟಿಯಲ್ಲಿ ಅಕ್ಕಿಗೆ ಉಪ್ಪುನೀರು ಹಿಡಿಸಿಯೇ ಹುರಿಯುವ ರೂಢಿ. ಉಪ್ಪು ಹಾಕದ ಮಂಡಕ್ಕಿ ಬೇಕಾದರೆ ಭಟ್ಟಿಯವರಿಗೆ ಮೊದಲೇ ಹೇಳಿ ಮಾಡಿಸಬೇಕು. ಅದಕ್ಕೆ ನಾಲ್ಕು ಹನಿ ಎಣ್ಣೆಯ ಒಗ್ಗರಣೆ, ಕರಿಬೇವು, ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ, ಮೇಲೆ ನಿಂಬೆಹಣ್ಣು ಹಿಂಡಿದರೆ ಆಯಿತು ಎಂದು ಹಾವೇರಿಯ ಡಾಕ್ಟರು ಕಾಕಾ ಅವರಿಗೆ ಬಾಯಿಬಿಟ್ಟು ಹೇಳಿದರು. ಪ್ರೆಟ್ಜೆಲ್ ಪಟ್ಟಿಯಲ್ಲಿ ಇಲ್ಲದ ಮಾತು ಇದು.

ಆದರೆ ಇಂಥ ಮಂಡಕ್ಕಿಯನ್ನು ಗಿರಮಿಟ್ ಎಂದು ಕರೆಯಲು ಬರುವುದಿಲ್ಲವಲ್ಲ. ಆದ್ದರಿಂದ ತಿದ್ದುಪಡಿಗಳು ಬರುತ್ತವೆ. ರಾಣೆಬೆನ್ನೂರಿನ ಬೀಗರ ಮನೆಯಲ್ಲಿ ನನ್ನ ಕಣ್ಣೆದುರೇ ನಡೆದದ್ದು ಹೀಗೆ. ಟೊಮೆಟೊದಲ್ಲಿ ಪೊಟ್ಯಾಸಿಯಂ ಇದೆ ಎಂದು ಅಲ್ಲಿ ಯಾರೋ ಕೇಳಿಬಲ್ಲರು. ಒಡನೆ ಟೊಮೆಟೊ ತೆಗೆಸಿದರು. ಅದರ ಜಾಗ ತುಂಬಲು ಹುಣಸೆಹುಳಿ-ಬೆಲ್ಲದ ಗೊಜ್ಜನ್ನು ಒಂದು ಸೌಟು ಹೆಚ್ಚು ಹಾಕಿದರು. ಗೊಜ್ಜು ಹೆಚ್ಚಾಗಿ ಮಂಡಕ್ಕಿ ಮೆತ್ತಗಾಯಿತೆಂದು ಪುಟಾಣಿ ಹಿಟ್ಟು ಉದುರಿಸಿದರು. ಹಿಟ್ಟು ಗಂಟಲಿಗೆ ಹತ್ತೀತೆಂದು ಹುರಿದ ಶೇಂಗಾ. ಶೇಂಗಾ ಎಂದರೆ 100 ಗ್ರಾಮಿಗೆ ಸುಮಾರು 700 ಮಿಲಿಗ್ರಾಂ ಪೊಟ್ಯಾಸಿಯಂ, 350ಕ್ಕೂ ಮೇಲೆ ಫಾಸ್ಫರಸ್. ಒಂದು ಹೋಳು ಟೊಮೆಟೊ ತಪ್ಪಿಸಲು ಇಷ್ಟು ದೂರ ಸುತ್ತಿಬಂದ ಪಥ್ಯವನ್ನು ಬೇರೆ ಯಾವ ವೈದ್ಯಪದ್ಧತಿಯಲ್ಲೂ ಕಾಣಲಾರಿರಿ. "ಟೊಮೆಟೊ ಹಾಕಿಲ್ರೀ, ಆರಾಮ ತಿನ್ರಿ," ಎಂದು ಬೀಗರು ತಟ್ಟೆ ಮುಂದಿಟ್ಟಾಗ ಕಾಕಾ ಅವರ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಇದ್ದರೂ ಇರಬಹುದು.

ಎರಡನೆಯ ದೊಡ್ಡ ಸಿದ್ಧಾಂತ ಹಾವೇರಿಯದು. ಡಯಾಲಿಸಿಸ್ ಮುಗಿಸಿ ಹೊರಬಂದ ರೋಗಿಗೆ ಹಸಿವು ಹೆಚ್ಚು. ಆಗ ಜೊತೆಗೆ ಬಂದವರು ಹೇಳುವ ಮಾತು: "ಈಗಷ್ಟ ತೊಳದಾರ, ಈಗ ಏನ್ ತಿಂದ್ರೂ ನಡೀತೈತಿ." ತೊಳೆದಿಟ್ಟ ಪಾತ್ರೆಗೆ ಏನು ಬೇಕಾದರೂ ಹಾಕಬಹುದು ಎಂಬ ತರ್ಕ ಇದು. ಇದರ ಪ್ರಕಾರ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಒಂದು ಪ್ಲೇಟ್ ಮಿರ್ಚಿ-ಮಂಡಕ್ಕಿ ಚಿಕಿತ್ಸೆಯ ಕೊನೆಯ ಹಂತ. ಒಳ್ಳೆಯ ಕಿಡ್ನಿ ರಾತ್ರಿ ಹಗಲು ಬಿಡುವಿಲ್ಲದೆ ಮಾಡುವ ಕೆಲಸವನ್ನು ಯಂತ್ರ ವಾರಕ್ಕೆ ಹನ್ನೆರಡು ತಾಸಿನಲ್ಲಿ ಅರೆಬರೆ ಮಾಡುತ್ತದೆ, ಉಳಿದ ಹೊತ್ತಿನಲ್ಲಿ ತಿಂದದ್ದೆಲ್ಲ ರಕ್ತದಲ್ಲೇ ಕೂತಿರುತ್ತದೆ, ಪೊಟ್ಯಾಸಿಯಂ ಏರಿದರೆ ಮೊದಲು ಪೆಟ್ಟು ಬೀಳುವುದು ಹೃದಯದ ಬಡಿತಕ್ಕೆ ಎಂದು ಸಿಸ್ಟರ್ ಒಬ್ಬರು ವಿವರಿಸಲು ಹೋದರು. ಅವರ ಮಾತಿನಲ್ಲಿ ಅನುಭವದ ಕೊರತೆ ಕಾಣುತ್ತಿತ್ತು. ವಯಸ್ಸು ಮೂವತ್ತೂ ಆಗಿರಲಿಲ್ಲ.

ಇದೇ ಸಿಸ್ಟರ್ ಜೊತೆ ಕಾಕಾ ಅವರಿಗೆ ತೂಕದ ವಿಷಯದಲ್ಲಿ ತಕರಾರು ನಡೆಯುತ್ತಲೇ ಇರುತ್ತದೆ. ಡಯಾಲಿಸಿಸ್ಸಿಗೆ ಮುಂಚೆ ರೋಗಿಯನ್ನು ತೂಗುತ್ತಾರೆ. ಕಳೆದ ಸಲ ಎದ್ದು ಹೋದಾಗಿನ ತೂಕಕ್ಕಿಂತ ಎಷ್ಟು ಏರಿದೆಯೋ ಅಷ್ಟೂ ಹೆಚ್ಚುಕಡಿಮೆ ಮೈಯಲ್ಲಿ ನಿಂತ ನೀರು. ಒಂದು ದಿನ ಕಾಟಾ ಮೇಲೆ ನಿಂತರೆ 61 ಕಿಲೋ 400 ಗ್ರಾಂ. ಹೋದ ಸಲ ಹೋಗುವಾಗ 58.

"ಕಾಟಾ ಸರಿ ಐತೇನ್ರೀ?" ಎಂದರು ಕಾಕಾ.

"ಸರಿ ಐತ್ರಿ ಅಜ್ಜಾರ. ನೀರು ಎಷ್ಟು ಕುಡದ್ರಿ?"

"ನೀರು ಎಲ್ಲಿ ಕುಡದೇನಿ? ಚಾ ಕುಡದೇನಿ."

ಆಮೇಲೆ ಚಪ್ಪಲಿ ಬಿಟ್ಟರು. ಅಂಗಿಯ ಕಿಸೆಯಿಂದ ಮೊಬೈಲ್, ಕೀಲಿಕೈ ಗೊಂಚಲು, ಚೀಟಿ ಪುಸ್ತಕ ತೆಗೆದು ಬೆಂಚಿನ ಮೇಲಿಟ್ಟರು. ಮತ್ತೆ ಹತ್ತಿದರು. 61 ಕಿಲೋ 100. "ಇನ್ನ ಚೀಲದ ತೂಕ ಕಳೀರಿ," ಎಂದು ತಮ್ಮ ಧೋತರ, ಅಂಗಿ ತೋರಿಸಿದರು. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಸಾವಿರಾರು ಚೀಲಗಳ ತೂಕ ಬರೆದವರ ಮಾತು ಅದು. ಅಲ್ಲಿ ನಡೆಯುವುದು ಇಲ್ಲಿ ನಡೆಯಲಿಲ್ಲ. ಮೂರು ಲೀಟರಿನಷ್ಟು ನೀರನ್ನು ನಾಲ್ಕು ತಾಸಿನಲ್ಲಿ ಎಳೆಯುವಾಗ ಬಿಪಿ ಇಳಿಯಿತು, ಮೀನಖಂಡ ಹಿಡಿದುಕೊಂಡು ಕಾಕಾ ಕೂಗಿಕೊಂಡರು. ಯಂತ್ರ ಹಳೆಯದಾಗಿರಬೇಕು ಎಂದು ನಾನು ಸ್ಥಳದಲ್ಲೇ ರೋಗ ನಿರ್ಣಯ ಮಾಡಿದೆ.

ಚಹಾದ ಬಗ್ಗೆ ನಮ್ಮ ನಿಲುವು ಸ್ಪಷ್ಟ. ನೀರು ಎಂದರೆ ನೀರು. ಚಹಾ ಚಹಾ, ಮಜ್ಜಿಗೆ ಮಜ್ಜಿಗೆ, ಸಾರು ಊಟ, ಕಲ್ಲಂಗಡಿ ಹಣ್ಣು, ಐಸ್ ಗಟ್ಟಿ ಪದಾರ್ಥ. ಇವನ್ನೆಲ್ಲ ನೀರಿನ ಖಾತೆಗೆ ಬರೆಯುವುದು ಓದಿದವರ ದುರಭ್ಯಾಸ. ಅದರಲ್ಲೂ ಅರ್ಧ ಚಾ ಎಂಬುದು ಲೆಕ್ಕಕ್ಕೇ ಬಾರದ ವಸ್ತು, ಎಷ್ಟು ಅರ್ಧ ಕುಡಿದರೂ ಪೂರ್ತಿ ಆಗುವುದಿಲ್ಲ. ಇಲ್ಲಿ ಓದಿದ ತಜ್ಞರು ಒಂದು ವಿಚಿತ್ರ ವಾದ ಮುಂದಿಡುತ್ತಾರೆ. ನೀರು ಕುಡಿಯಬೇಡಿ ಎಂದು ರೋಗಿಯನ್ನು ಬೈದು ಪ್ರಯೋಜನವಿಲ್ಲ, ಉಪ್ಪು ತಿಂದವನಿಗೆ ನೀರಡಿಕೆ ಆಗಿಯೇ ಆಗುತ್ತದೆ, ಮೊದಲು ಮಿರ್ಚಿಯನ್ನು ನಿಲ್ಲಿಸಿ ಎನ್ನುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರಲ್ಲ ಎಂದು ನಾನು ಗಾದೆಯ ಆಧಾರ ಕೊಟ್ಟೆ. ಅವರು ಅದನ್ನೇ ನಾವೂ ಹೇಳುತ್ತಿರುವುದು ಎಂದರು. ಚರ್ಚೆ ಅಲ್ಲಿಗೆ ನಿಂತಿತು.

ಇನ್ನು ಬ್ಯಾಡಗಿಯ ಅವಮಾನದ ಪ್ರಶ್ನೆ. ಕಿಡ್ನಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ಓಣಿಯವರು ಒಕ್ಕೊರಲಿನಿಂದ ಹೇಳಿದ್ದು: "ಮೊದ್ಲ ಖಾರಾ ಬಿಡ್ರಿ." ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಕಡ್ಡಿ, ಡಬ್ಬಿ ಎಂಬ ಎರಡೂ ಬಗೆಗಳಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ. ಅದರ ಬಣ್ಣ ತೆಗೆದು ಓಲಿಯೋರೆಸಿನ್ ಮಾಡಿ ದೇಶ ವಿದೇಶಗಳಿಗೆ ಕಳಿಸುತ್ತಾರೆ. ಅಷ್ಟು ಸಾಧು ಸ್ವಭಾವದ ಮೆಣಸಿನಕಾಯಿಯನ್ನು ನೋಡುವುದಕ್ಕೆ ಕೆಂಪಗಿದೆ ಎಂಬ ಒಂದೇ ಕಾರಣಕ್ಕೆ ಹೊರಗಿಟ್ಟರು. ಪುಡಿಯಲ್ಲಿ ಪೊಟ್ಯಾಸಿಯಂ ಇದೆ ಎಂಬುದು ನಿಜ, ಆದರೆ ಪಲ್ಯಕ್ಕೆ ಬೀಳುವುದು ಒಂದು ಚಮಚ, ಅದೂ ನಾಲ್ಕು ಜನರ ಪಲ್ಯಕ್ಕೆ. ಹೊಟ್ಟೆಯಲ್ಲಿ ಉರಿ ಇಲ್ಲದಿದ್ದರೆ ಖಾರದಿಂದ ಕಿಡ್ನಿಗೆ ಅಂಥ ತಂಟೆಯಿಲ್ಲ ಎಂದು ಡಾಕ್ಟರೇ ಹೇಳಿದರು. ಓಣಿ ಒಪ್ಪಲಿಲ್ಲ.

ನಮ್ಮ ಶಾಸ್ತ್ರದಲ್ಲಿ ಕೆಂಪು ತಾಮಸ, ಬಿಳಿ ಸಾತ್ವಿಕ. ಉಪ್ಪು ಬಿಳಿ. ಅಡುಗೆ ಸೋಡಾ ಬಿಳಿ. ಹಪ್ಪಳ ಬೆಳ್ಳಗಿದೆ, ಅದೂ ಕೆಂಡದ ಮೇಲೆ ಸುಟ್ಟದ್ದು, ಎಣ್ಣೆಯೇ ಇಲ್ಲ. ಅದಕ್ಕೆ ಹಾಕಿದ ಉಪ್ಪು ಮತ್ತು ಹಪ್ಪಳದ ಕ್ಷಾರದಲ್ಲಿರುವ ಸೋಡಿಯಂ ಕಣ್ಣಿಗೆ ಕಾಣುವುದಿಲ್ಲ. ಮಜ್ಜಿಗೆ-ಉಪ್ಪಿನಲ್ಲಿ ದಿನಗಟ್ಟಲೆ ನೆನೆಸಿ ಒಣಗಿಸಿದ ಬಾಳಕ ಮೆಣಸಿನಕಾಯಿಯೂ ಬೆಳ್ಳಗಾದ ಮೇಲೆ ಮೆಣಸಿನಕಾಯಿಯ ದೋಷ ಕಳೆದುಕೊಳ್ಳುತ್ತದೆ. ಹೀಗೆ ಖಾರ ಬಿಟ್ಟ ಕಾಕಾ ಅವರ ಸಪ್ಪೆ ಬಾಯಿಗೆ ರುಚಿ ಬರಲೆಂದು ಎಲ್ಲದಕ್ಕೂ ಒಂದಿಷ್ಟು ಉಪ್ಪು ಹೆಚ್ಚಿಗೆ ಹಾಕತೊಡಗಿದರು. ನಿರಪರಾಧಿ ಊರು ಬಿಟ್ಟು ಹೋದ, ಕಳ್ಳನಿಗೆ ಪಟೇಲಕಿ ಕೊಟ್ಟಂತಾಯಿತು ಎಂದು ಕಾಕಾ ಅವರ ಹೆಂಡತಿ ಚಿಗವ್ವ ಗೊಣಗಿದಳು. ಚಿಗವ್ವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಉಪ್ಪನ್ನು ಬಿಡುವುದು ಬ್ಯಾಡಗಿ ತಾಲೂಕಿನವರಿಗೆ ಬೇರೆ ಕಾರಣಕ್ಕೂ ಕಷ್ಟ. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಅವರ ಜೊತೆ ಆಯ್ದ 78 ಮಂದಿ ಇದ್ದರು. ಅವರಲ್ಲಿ ಕರ್ನಾಟಕದಿಂದ ಹೋದವರು ಒಬ್ಬರೇ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಇನ್ನೂ ಇಪ್ಪತ್ತು ತುಂಬದ ಹುಡುಗ. ಉಪ್ಪಿಗಾಗಿ ಸುಮಾರು 385 ಕಿಲೋಮೀಟರ್ ನಡೆದವರ ತಾಲೂಕಿನಲ್ಲಿ ಕೂತು ಉಪ್ಪು ಬಿಡಿ ಎನ್ನುವುದಕ್ಕೆ ನಾಲಿಗೆಯಾದರೂ ಹೇಗೆ ಬರುತ್ತದೆ ಎಂದು ನಾನು ಡಾಕ್ಟರನ್ನು ಕೇಳಿದೆ. ಅವರೆಲ್ಲ ದಿನಕ್ಕೆ ಹದಿನೈದು ಕಿಲೋಮೀಟರ್ ಬಿಸಿಲಲ್ಲಿ ಬೆವರು ಸುರಿಸಿ ನಡೆದರು, ನಿಮ್ಮ ಕಾಕಾ ಗಾದಿ ಬಿಟ್ಟು ಎಷ್ಟು ನಡೆಯುತ್ತಾರೆ ಎಂದು ಅವರು ಕೇಳಿದರು. ವೈದ್ಯರು ಚರ್ಚೆಯನ್ನು ವೈಯಕ್ತಿಕ ಮಟ್ಟಕ್ಕೆ ಇಳಿಸಬಾರದು. ಅಂದಹಾಗೆ ಪ್ರತಿವರ್ಷ ಮಾರ್ಚ್ ತಿಂಗಳ ಎರಡನೆಯ ಗುರುವಾರ ವಿಶ್ವ ಕಿಡ್ನಿ ದಿನ. 2020ರಲ್ಲಿ, ಮತ್ತೆ 2026ರಲ್ಲಿ ಅದು ಮಾರ್ಚ್ 12ಕ್ಕೇ ಬೀಳುವಂತೆ ಯಾರು ಮಾಡಿದರೋ, ಇದರ ಹಿಂದೆ ಏನೋ ಇದೆ. ಬ್ಯಾಡಗಿಯಲ್ಲಿ ಗುರುವಾರ ಟೆಂಡರ್ ದಿನ ಬೇರೆ. ಮೆಣಸಿನಕಾಯಿಯ ಘಾಟಿನಲ್ಲಿ ಕಿಡ್ನಿಯನ್ನು ನೆನೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಕಾಕಾ ಅವರ ಮಗ ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಾನೆ, ತಿಳಿದವನು. ಅವನು ಒಂದು ಸಲ ಬರುವಾಗ ಸೋಡಿಯಂ ಕಡಿಮೆ ಇರುವ ಉಪ್ಪಿನ ಪ್ಯಾಕೆಟ್ ತಂದ. ಮುಂದುಗಡೆ ಕೆಂಪು ಹೃದಯದ ಚಿತ್ರ. ಸಮಸ್ಯೆ ಮುಗಿಯಿತು ಎಂದು ಮನೆಯವರೆಲ್ಲ ನೆಮ್ಮದಿಯಿಂದ ಉಸಿರುಬಿಟ್ಟರು. ಪ್ಯಾಕೆಟ್ಟಿನ ಹಿಂದುಗಡೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಎಂದು ಬರೆದಿತ್ತು. ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ತುಂಬಿದ ಉಪ್ಪು ಅದು. ಮುಂದೆ ಹೃದಯದ ಚಿತ್ರವಿದ್ದರೂ ಕಿಡ್ನಿ ನಿಂತವರ ಹೃದಯವನ್ನು ನಿಲ್ಲಿಸುವ ತಾಕತ್ತು ಹಿಂದುಗಡೆ ಇತ್ತು. ತಜ್ಞರಾದ ನಾವು ಮುಂಭಾಗವನ್ನಷ್ಟೇ ಓದುತ್ತೇವೆ. ಹಿಂಭಾಗ ಓದಿದ್ದು ಏಳನೆಯ ಇಯತ್ತೆ ಕಲಿತ ಚಿಗವ್ವ, ಮೊಮ್ಮಗಳ ಕೈಯಿಂದ ಮೊಬೈಲಿನಲ್ಲಿ ಫೋಟೋ ತೆಗೆಸಿ, ದೊಡ್ಡದು ಮಾಡಿಸಿ. ಪ್ಯಾಕೆಟ್ ಅಂದೇ ತಿಪ್ಪೆಗೆ ಹೋಯಿತು. ಆಮೇಲೆ ನಾನು ಸೈಂಧವ ಲವಣವನ್ನು ಸೂಚಿಸಿದೆ. ಅದು ಉಪ್ಪಲ್ಲ, ಔಷಧಿ ಎಂಬುದು ನಮ್ಮ ಪಂಗಡದಲ್ಲಿ ಸರ್ವಸಮ್ಮತ. ಅದರಲ್ಲೂ ಹೆಚ್ಚುಕಡಿಮೆ ಪೂರಾ ಅದೇ ಸೋಡಿಯಂ ಕ್ಲೋರೈಡ್ ಎಂದು ಡಾಕ್ಟರು ಅದನ್ನೂ ತಳ್ಳಿಹಾಕಿದರು. ಹಾವೇರಿ ಜಿಲ್ಲೆಯ ಹೆಸರುವಾಸಿ ಪದಾರ್ಥಗಳಲ್ಲಿ ಅವರು ಈವರೆಗೆ ತಕರಾರು ತೆಗೆಯದೆ ಬಿಟ್ಟದ್ದು ಏಲಕ್ಕಿ ಹಾರ ಒಂದನ್ನೇ. ಅದನ್ನು ಯಾರೂ ತಿನ್ನುವುದಿಲ್ಲ.

ಬ್ಯಾಡಗಿ ತಾಲೂಕಿನಲ್ಲಿ ಧಾನ್ಯಗಳ ವ್ಯಾಜ್ಯಕ್ಕೂ ದೊಡ್ಡ ಪರಂಪರೆ ಇದೆ. ಕಾಗಿನೆಲೆಯ ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿ, ರಾಗಿ ಎರಡೂ ನಾನು ಹೆಚ್ಚು ತಾನು ಹೆಚ್ಚು ಎಂದು ರಾಮನ ಮುಂದೆ ಜಗಳವಾಡುತ್ತವೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿ ರಾಮ ರಾಗಿಯನ್ನು ಗೆಲ್ಲಿಸುತ್ತಾನೆ. ಆ ತೀರ್ಪನ್ನು ಕಿಡ್ನಿ ರೋಗದ ಮೇಲ್ಮನವಿ ನ್ಯಾಯಾಲಯ ತಿರುಗಿಸಿಬಿಟ್ಟಿದೆ. ಪಾಲಿಶ್ ಮಾಡಿದ ಅಕ್ಕಿಗೆ ಹೋಲಿಸಿದರೆ ರಾಗಿಯಲ್ಲಿ ಪೊಟ್ಯಾಸಿಯಂ ಸುಮಾರು ನಾಲ್ಕು ಪಟ್ಟು, ಫಾಸ್ಫರಸ್ ಸುಮಾರು ಎರಡು ಪಟ್ಟು. ಪೊಟ್ಯಾಸಿಯಂ ಏರಿದವರ ತಟ್ಟೆಯಲ್ಲಿ ಬೆಲ್ಲ ಸೋಲುತ್ತದೆ, ಎಳನೀರು ಸೋಲುತ್ತದೆ, ಖರ್ಜೂರ ಸೋಲುತ್ತದೆ, ತವುಡು ತೆಗೆಯದ ಧಾನ್ಯಗಳೆಲ್ಲ ಹಿಂದೆ ಬೀಳುತ್ತವೆ. ಊರೆಲ್ಲ ಬೆಲ್ಲ, ಸಿರಿಧಾನ್ಯ ಅನ್ನುತ್ತಿರುವ ಕಾಲದಲ್ಲಿ ಬೆಳ್ಳಗಿನ ಅನ್ನ, ರವೆ ಉಂಡೆಯ ಪರ ವಹಿಸಬೇಕಾದ ಡಾಕ್ಟರ ಸಂಕಟ ನನಗೆ ಅರ್ಥವಾಗುತ್ತದೆ. ಸಕ್ಕರೆ ಕಾಯಿಲೆಯೂ ಇರುವ ಕಾಕಾ ಅಂಥವರಿಗೆ ರವೆ ಉಂಡೆಯೂ ಇಲ್ಲ.

ಆಸ್ಪತ್ರೆಗೆ ರೋಗಿಯನ್ನು ನೋಡಲು ಬರುವವರ ಚೀಲಗಳನ್ನು ಈ ಬೆಳಕಿನಲ್ಲಿ ಪರಿಶೀಲಿಸಬೇಕು. ಕಾಕಾ ಎರಡು ದಿನ ದಾಖಲಾಗಿದ್ದಾಗ ಹಾಸಿಗೆಯ ಪಕ್ಕ ಸೇರಿದ್ದು: ಎಳನೀರು, ಬಾಳೆಹಣ್ಣು, ಮೋಸಂಬಿ, ಖರ್ಜೂರ, ಗೋಡಂಬಿ-ದ್ರಾಕ್ಷಿ, ಶೇಂಗಾ ಚಟ್ನಿ, ಒಂದು ಬಾಟಲಿ ಕೋಲಾ. ಒಂದು ಲೋಟ ಎಳನೀರಿನಲ್ಲಿ 500ರಿಂದ 600 ಮಿಲಿಗ್ರಾಂ ಪೊಟ್ಯಾಸಿಯಂ, ಒಂದು ಬಾಳೆಹಣ್ಣಿನಲ್ಲಿ 400ರ ಸುಮಾರು, ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ. ಶೇಂಗಾದ ಫಾಸ್ಫರಸ್ ಅರ್ಧದಷ್ಟಾದರೂ ಮೈಗೆ ಹತ್ತದೆ ಹೊರಗೆ ಹೋಗುತ್ತದೆ, ಬಾಟಲಿ-ಪ್ಯಾಕೆಟ್ಟಿಗೆ ಬೆರೆಸಿದ ಫಾಸ್ಫೇಟ್ ಬಹುಪಾಲು ಮೈ ಸೇರುತ್ತದೆ ಎಂಬ ವ್ಯತ್ಯಾಸವೂ ಇದೆ. ಡಾಕ್ಟರು ಬೇಡವೆಂದದ್ದು ಒಂದೂ ಬಿಟ್ಟುಹೋಗಿರಲಿಲ್ಲ. ನೆಂಟರೆಲ್ಲ ಕೂತು ಅದನ್ನೆಲ್ಲ ಬಾಯಿಪಾಠ ಮಾಡದೆ ಇಷ್ಟು ನಿಖರವಾಗಿ ತರುವುದು ಸಾಧ್ಯವಿಲ್ಲ. ಯಾರೋ ಒಬ್ಬರು ಶಿರಸಿ ಕಡೆಯಿಂದ ಕಮರಾಕ್ಷಿ ಹಣ್ಣನ್ನೂ ತಂದಿದ್ದರು, ಅಡ್ಡ ಕೊಯ್ದರೆ ನಕ್ಷತ್ರದ ಹಾಗೆ ಕಾಣುವುದು. ಅದನ್ನು ನೋಡಿದ್ದೇ ಸಿಸ್ಟರ್ ಓಡಿಬಂದು ಕಿತ್ತುಕೊಂಡರು. ಕಿಡ್ನಿ ಕೆಟ್ಟವರ ಮೈಯಿಂದ ಅದರ ವಿಷ ಹೊರಹೋಗುವುದಿಲ್ಲ. ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಮೂರ್ಛೆ, ಸಾವಿನವರೆಗೂ ಹೋಗಬಹುದಂತೆ. ಇದೊಂದರ ಬಗ್ಗೆ ನಮ್ಮ ಪಂಗಡದಲ್ಲೂ ಭಿನ್ನಾಭಿಪ್ರಾಯ ಇಲ್ಲ. ಬಿಕ್ಕಳಿಕೆ ಎಂದರೆ ನಮಗೂ ಭಯ.

ಓದಿದ ತಜ್ಞರ ಮೇಲೆ ನನ್ನ ದೊಡ್ಡ ಆಕ್ಷೇಪ ಬೇರೆಯೇ ಇದೆ. ಅವರ ಮಾತಿನಲ್ಲಿ ಸ್ಥಿರತೆ ಇಲ್ಲ. ಕಾಕಾ ಡಯಾಲಿಸಿಸ್ಸಿಗೆ ಹೋಗುವ ಮುಂಚೆ ಬೇಳೆ, ಕಾಳು ಕಡಿಮೆ ಮಾಡಿ ಎಂದರು. ಡಯಾಲಿಸಿಸ್ ಶುರುವಾದ ಮೇಲೆ ಪ್ರೊಟೀನ್ ಹೆಚ್ಚು ಬೇಕು, ರಕ್ತ ತೊಳೆಯುವಾಗ ಅದೂ ಹೋಗುತ್ತದೆ ಎಂದರು. ಪಕ್ಕದ ಓಣಿಯ ಒಬ್ಬರದು ಕಿಡ್ನಿ ರೋಗದ ಮೂರನೆಯ ಹಂತ, ಪೊಟ್ಯಾಸಿಯಂ ಸರಿಯಾಗಿದೆ. ಅವರಿಗೆ ಬಾಳೆಹಣ್ಣು ತಿನ್ನಿ ಎಂದರು, ಉಪ್ಪು ಮಾತ್ರ ಕಟ್ಟುನಿಟ್ಟು. ಕಾಕಾ ಅವರಿಗೆ ಸೇಬು, ಅನಾನಸು ಸ್ವಲ್ಪ ಸ್ವಲ್ಪ ಮಾತ್ರ. ಕಿಡ್ನಿ ಕಿಡ್ನಿಗೂ ಬೇರೆ ಬೇರೆ ಪಥ್ಯ ಎಂದರೆ ಅದನ್ನು ಶಾಸ್ತ್ರ ಎನ್ನುವುದು ಹೇಗೆ? ನಮ್ಮಲ್ಲಿ ನೋಡಿ, ರಿಪೋರ್ಟ್ ಏನೇ ಇರಲಿ, ಒಂದೇ ಮಾತು.

ಚಿಗವ್ವನ ವಿಷಯಕ್ಕೆ ಬಂದೆ. ಅವಳು ಯಾವ ಬಗೆಯ ತಜ್ಞೆಯೂ ಅಲ್ಲ, ಅಡುಗೆ ಮಾಡುತ್ತಾಳೆ ಅಷ್ಟೆ. ಬೆಳಿಗ್ಗೆ ಎದ್ದು ಕಾಯಿಪಲ್ಯ ಸಣ್ಣಗೆ ಹೆಚ್ಚಿ ಬಿಸಿನೀರಿನಲ್ಲಿ ಹಾಕಿಡುತ್ತಾಳೆ, ಆ ನೀರು ಚೆಲ್ಲಿ ಬೇರೆ ನೀರಿನಲ್ಲಿ ಬೇಯಿಸಿ ಅದನ್ನೂ ಬಸಿಯುತ್ತಾಳೆ. ಹೀಗೆ ಮಾಡಿದರೆ ಪೊಟ್ಯಾಸಿಯಂ ಎಷ್ಟೋ ನೀರಿನೊಂದಿಗೆ ಹೋಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದಾರೆ. ಕಾಯಿಪಲ್ಯದ ಸತ್ವವೆಲ್ಲ ಮೋರಿ ಪಾಲಾಗುತ್ತದೆ ಎಂದು ನಾನು ಎಚ್ಚರಿಸಿದ್ದುಂಟು. ಕಾಕಾ ಅಂಗಡಿಯಿಂದ ಬಂದ ಕೂಡಲೆ ಫಾಸ್ಫರಸ್ ತಡೆಯುವ ಗುಳಿಗೆಯನ್ನು ಎಡಗೈಯಲ್ಲಿ, ಊಟದ ತಟ್ಟೆಯನ್ನು ಬಲಗೈಯಲ್ಲಿ ಹಿಡಿದು ಬಂದು ಮುಂದಿಡುತ್ತಾಳೆ. ಗುಳಿಗೆ ಊಟದ ಜೊತೆಗೇ ಹೋಗಬೇಕು, ಆಮೇಲೆ ನುಂಗಿದರೆ ಉಪಯೋಗವಿಲ್ಲ. ಭಟ್ಟಿಗೆ ತಾನೇ ಹೋಗಿ ಉಪ್ಪಿಲ್ಲದ ಮಂಡಕ್ಕಿ ಮಾಡಿಸಿಕೊಂಡು ಬಂದವಳೂ ಅವಳೇ. ಈಚೆಗೆ ಅಕ್ಕಿಹಿಟ್ಟಿಗೆ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಬ್ಯಾಡಗಿ ಖಾರದ ಪುಡಿ ಹಾಕಿ, ಉಪ್ಪು ಮುಟ್ಟಿಸದೆ, ಬೆರಳುದ್ದದ ಚಕ್ಕುಲಿ ಕರಿದು ಕಾಕಾ ಅವರಿಗೆಂದು ಬೇರೆ ಡಬ್ಬಿಯಲ್ಲಿಟ್ಟಿದ್ದಳು. ಕೆಂಪಗೆ, ಗರಿಗರಿ. ಸಂಜೆ ಎರಡು ಎಣಿಸಿ ಕೊಡುತ್ತಾಳೆ, ಅರ್ಧ ನಿಂಬೆಹಣ್ಣು ಪಕ್ಕಕ್ಕೆ. ಆ ಎರಡನ್ನು ಕಾಕಾ ಅರ್ಧ ತಾಸು ತಿನ್ನುತ್ತಾರೆ.

ಮೊನ್ನೆ ನಾನು ಹೋದಾಗ ಡಬ್ಬಿ ಕಟ್ಟೆಯ ಮೇಲೇ ಇತ್ತು. ಪರಿಶೀಲನೆಗೆಂದು ಒಂದು ತಿಂದೆ. ಒಂದರಿಂದ ನಿರ್ಣಯಕ್ಕೆ ಬರುವುದು ಅವೈಜ್ಞಾನಿಕವೆಂದು ಮತ್ತೆ ನಾಲ್ಕು ತಿಂದೆ.

"ಚಿಗವ್ವಾ, ಎಲ್ಲಾ ಛಲೋ ಅದಾವು, ಉಪ್ಪು ಒಂದ್ ಮರ್ತೀಯಲ್ಲ."

ಅವಳು ಡಬ್ಬಿಯ ಮುಚ್ಚಳ ಹಾಕಿ, ಬೀರುವಿನೊಳಗಿಟ್ಟು, ಕೀಲಿ ತಿರುವಿದಳು. ಆಮೇಲೆ ನನ್ನ ಕಾಲಿನತ್ತ ನೋಡಿದಳು. ಸಾಕ್ಸ್ ತೆಗೆದ ಜಾಗದಲ್ಲಿ ಅಚ್ಚು ಒತ್ತಿದ ಹಾಗೆ ಗುರುತು ಬಿದ್ದಿತ್ತು.

"ನಿನ್ನ ಬಿಪಿ ಎಷ್ಟೈತೋ ತಮ್ಮಾ? ಸಕ್ರೀದು ಚೆಕ್ ಮಾಡಿಸಿ ಎಷ್ಟು ವರ್ಷ ಆತು?"

ಇಂಥ ಪ್ರಶ್ನೆಗಳು ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬಸ್ಸಿನ ಹೊತ್ತಾಗಿದೆ ಎಂದು ಹೇಳಿ ಎದ್ದೆ. ಅವಳು ಬಾಗಿಲವರೆಗೂ ಬಂದಳು, ಗುರುವಾರ ಕಾಕಾ ಜೊತೆ ನೀನೂ ಬಾ, ಬರುವಾಗ ಏನೂ ತಿನ್ನದೆ ಬಾ, ರಕ್ತ ತಗೊಳ್ಳುವವರಿಗೆ ನಾನು ಹೇಳಿಟ್ಟಿರುತ್ತೇನೆ ಎಂದಳು.